ಆಂಡೂರಿಲ್ ಪ್ರತಿಕೃತಿ: ಅಲಗಿನಲ್ಲಿ ಕೊರೆದ ನಕ್ಷತ್ರಗಳಿಗೆ ಒರೆಸಿದಷ್ಟೂ ತುಕ್ಕು

ಕುಲುಮೆಕಿಡಿ:

ಎಲ್ಲರಿಗೂ ನಮಸ್ಕಾರ. ಟೋಲ್ಕಿನ್ ಕಾದಂಬರಿಯ ಆಂಡೂರಿಲ್ ಕತ್ತಿಯ ಪ್ರತಿಕೃತಿ ಮಾಡ್ತಿದ್ದೀನಿ, ಗೋಡೆಗೆ ಹಾಕೋಕೆ. ಉಕ್ಕು ಇಎನ್45, ಹೊಸ ಪಟ್ಟಿ. ಅಲಗು 900 ಮಿ.ಮೀ. ಉದ್ದ, ಬುಡದಲ್ಲಿ 48 ಅಗಲ, 5 ದಪ್ಪ. ನಡುವೆ 14 ಮಿ.ಮೀ. ಅಗಲದ ಕಾಲುವೆ. ಅಂಚು 2 ಮಿ.ಮೀ. ಮೊಂಡು. ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಆಗಿದೆ, ಗಡಸುತನ 50 ಎಚ್‌ಆರ್‌ಸಿ. 400 ಗ್ರಿಟ್‌ವರೆಗೆ ಉಜ್ಜಿದ್ದೀನಿ. ಹಿಡಿ, ಹಿತ್ತಾಳೆ ಗಾರ್ಡ್ ಎರಡನ್ನೂ ಕೂರಿಸಿ ನೋಡಿದ್ದೀನಿ ಅಷ್ಟೆ, ಇನ್ನೂ ಅಂಟಿಸಿಲ್ಲ.

ಕಾಲುವೆಯೊಳಗೆ ಬಾಲಚಂದ್ರ, ಏಳು ನಕ್ಷತ್ರ, ಕಿರಣಗಳಿರುವ ಸೂರ್ಯ, ಸುತ್ತ ರೂನ್ ಅಕ್ಷರ. ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ಕಟ್ ಮಾಡಿಸಿದ ವಿನೈಲ್ ಅಂಟಿಸಿ, ಲೋಹ ತಿನ್ನೋ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ 40 ನಿಮಿಷ ಇಟ್ಟೆ. ಆಮೇಲೆ ನಲ್ಲಿ ನೀರಲ್ಲಿ ತೊಳೆದು, ಅಡುಗೆ ಸೋಡಾ ಉದುರಿಸಿ ಉಜ್ಜಿ, ಒರೆಸಿ ಎಣ್ಣೆ ಹಚ್ಚಿದೆ.

ಎರಡೇ ದಿನಕ್ಕೆ ಅಕ್ಷರಗಳ ಅಂಚಲ್ಲೆಲ್ಲ ಕಿತ್ತಳೆ ಚುಕ್ಕೆ. ಉಜ್ಜಿದ್ರೆ ಹೋಗುತ್ತೆ, ಮತ್ತೆ ಅದೇ ಜಾಗದಲ್ಲಿ ಬರುತ್ತೆ. ರೂನ್‌ಗಳ ನಡುವಿನ ಗೋಡೆ ಕೆಲವು ಕಡೆ ಕರಗಿ ಎರಡು ಗೆರೆ ಒಂದಾಗಿಬಿಟ್ಟಿದೆ. ಕೊರೆದ ತಳ ಕಪ್ಪಾಗೋ ಬದಲು ನಸುಗುಲಾಬಿ ಹೊಳಪು ಹೊಡೀತಿದೆ. ಇನ್ನೊಂದು ಮುಖ ಇನ್ನೂ ಮುಟ್ಟಿಲ್ಲ. ಏನು ಮಾಡಬಹುದು?

ಬೆಳ್ಳಿಗೆರೆ:

ಈ ತುಕ್ಕಿಗೆ ಗಾಳಿ ತಾಗದ ಹಾಗೆ ಮಾಡಿದ್ರೆ ಸಾಕಲ್ವಾ ಸರ್? ಚೆನ್ನಾಗಿ ಉಜ್ಜಿ ಮೇಲೆ ಕ್ಲಿಯರ್ ಲ್ಯಾಕರ್ ಎರಡು ಕೋಟ್ ಹೊಡೀರಿ. ಮಳೆಗಾಲ ಬೇರೆ.

ಉಕ್ಕಿನಮನೆ:

ಲ್ಯಾಕರ್ ಈಗಲೇ ಬೇಡ, ದಯವಿಟ್ಟು. ಗುಂಡಿಯೊಳಗೆ ಕ್ಲೋರೈಡ್ ಉಳಿದಿದ್ದರೆ ಲ್ಯಾಕರ್ ಅದನ್ನು ಒಳಗೇ ಮುಚ್ಚಿಡುತ್ತದೆ. ಕ್ಲೋರೈಡ್ ಲವಣಗಳು ಗಾಳಿಯ ತೇವವನ್ನು ತಾವೇ ಎಳೆದುಕೊಳ್ಳುತ್ತವೆ, ಪದರದಡಿಯಲ್ಲಿ ದಾರದಂಥ ತುಕ್ಕಿನ ಎಳೆಗಳು ಹರಿದುಕೊಂಡು ಹೋಗುತ್ತವೆ. ಆಮೇಲೆ ಲ್ಯಾಕರ್ ಕೆರೆದು ತೆಗೆಯುವ ಕೆಲಸವೂ ಸೇರುತ್ತದೆ.

ಕಿಡಿ ಅವರೇ, ದ್ರಾವಣ ಹೊಸದೋ, ಬಳಸಿದ್ದೋ? ಬಣ್ಣ ಹೇಗಿತ್ತು? ಎಷ್ಟು ಆಳ ಕೊರೆದಿದೆ, ವಿನೈಲ್‌ನಲ್ಲಿ ಗೆರೆ ಮತ್ತು ಸಂದು ಎಷ್ಟಿತ್ತು?

ಕುಲುಮೆಕಿಡಿ:

ಎಸ್.ಪಿ. ರಸ್ತೆಯಿಂದ ತಂದ ಗಟ್ಟಿಯಿಂದ ಮಾಡಿದ ದ್ರಾವಣ ಸರ್, ಆದರೆ ಪಿಸಿಬಿ (ತಾಮ್ರದ ಪದರ ಇರೋ ಸರ್ಕ್ಯೂಟ್ ಬೋರ್ಡ್) ಕೆಲಸಕ್ಕೆ ಬಳಸಿದ್ದ ಡಬ್ಬದ್ದೇ. ಹಸಿರು ಬೆರೆತ ಕಂದು ಬಣ್ಣ. ಆಳ 0.2 ಮಿ.ಮೀ. ವಿನೈಲ್‌ನಲ್ಲಿ ಗೆರೆ 0.8, ಗೆರೆಗಳ ನಡುವೆ 0.6.

ಉಕ್ಕಿನಮನೆ:

ಹಾಗಾದರೆ ನಿಮ್ಮ ಗುಲಾಬಿ ಹೊಳಪು ತಾಮ್ರ. ಪಿಸಿಬಿ ಕೊರೆದ ದ್ರಾವಣದಲ್ಲಿ ತಾಮ್ರ ಕರಗಿಕೊಂಡಿರುತ್ತದೆ. ಅದರಲ್ಲಿ ಕಬ್ಬಿಣ ಮುಳುಗಿಸಿದರೆ ಕಬ್ಬಿಣ ಕರಗಿ, ತಾಮ್ರ ಅದರ ಮೇಲೆ ಕೂರುತ್ತದೆ. ಈಗ ಪ್ರತಿ ನಕ್ಷತ್ರದ ತಳದಲ್ಲಿ ತಾಮ್ರ, ಅಂಚಿನಲ್ಲಿ ಉಕ್ಕು, ನಡುವೆ ಉಪ್ಪಿನ ತೇವ. ಬ್ಯಾಟರಿಗೆ ಬೇಕಾದ್ದೆಲ್ಲ ಅಲ್ಲೇ ಇದೆ, ಸವೆಯುವುದು ಮಾತ್ರ ಉಕ್ಕು. ಅಂಚಿನಲ್ಲೇ, ಅದೇ ಜಾಗದಲ್ಲೇ ತುಕ್ಕು ಮರಳುವುದಕ್ಕೆ ಇದು ಮೊದಲ ಕಾರಣ. ತೊಳೆದದ್ದು ಸಾಲದೇ ಕ್ಲೋರೈಡ್ ಉಳಿದದ್ದು ಎರಡನೆಯದು. ಎರಡನ್ನೂ ತೆಗೆಯದೆ ಎಷ್ಟು ಎಣ್ಣೆ ಹಚ್ಚಿದರೂ ಪ್ರಯೋಜನವಿಲ್ಲ.

ಮೊದಲು ತಾಮ್ರ. ಕ್ಲೀನಿಂಗ್‌ಗೆ ಬರುವ ಅಮೋನಿಯಾ ದ್ರಾವಣ 3 ಪಾಲು, ಮೆಡಿಕಲ್ ಸ್ಟೋರ್‌ನ 6% ಹೈಡ್ರೋಜನ್ ಪೆರಾಕ್ಸೈಡ್ 1 ಪಾಲು. ಒಟ್ಟು 40 ಮಿ.ಲೀ. ಸಾಕು. ಬಾಲ್ಕನಿಯಲ್ಲೋ ತಾರಸಿಯಲ್ಲೋ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಬಾಯಿ ತೆರೆದ ಗಾಜಿನ ಲೋಟದಲ್ಲಿ ಆಗಿಂದಾಗ ಬೆರೆಸಿ. ಬಾಟಲಿಯಲ್ಲಿ ಮುಚ್ಚಿಡಬೇಡಿ, ಅನಿಲ ತುಂಬಿ ಸಿಡಿಯುತ್ತದೆ. ಬ್ಲೀಚಿಂಗ್ ಇರುವ ಯಾವುದೂ ಹತ್ತಿರ ಇರಬಾರದು, ಅಮೋನಿಯಾ ಜೊತೆ ಸೇರಿದರೆ ವಿಷಾನಿಲ ಬರುತ್ತದೆ. ಹತ್ತಿ ಕಡ್ಡಿ ಅದ್ದಿ ಅಕ್ಷರದೊಳಗೆ ಉಜ್ಜಿ. ಹತ್ತಿ ನೀಲಿಯಾದರೆ ತಾಮ್ರ ಇದೆ ಎಂದು ಖಾತ್ರಿ. ನೀಲಿ ಬರುವುದು ನಿಲ್ಲುವವರೆಗೂ ಹೊಸ ಕಡ್ಡಿ ತೆಗೆದುಕೊಳ್ಳುತ್ತಾ ಹೋಗಿ. ಗಾರ್ಡ್ ಬಿಚ್ಚಿ ದೂರ ಇಡಿ. ಒತ್ತಡದಲ್ಲಿರುವ ಹಿತ್ತಾಳೆಗೆ ಅಮೋನಿಯಾ ತಗುಲಿದರೆ ಕೆಲವು ದಿನ ಬಿಟ್ಟು ಬಿರುಕು ಬಿಡುವುದುಂಟು.

ಆಮೇಲೆ ಕ್ಲೋರೈಡ್. ಸೋಡಾ ಉದುರಿಸಿ ಉಜ್ಜಿದರೆ ಮೇಲಿನ ಆಮ್ಲ ಮಾತ್ರ ಶಮನವಾಗುತ್ತದೆ, ಗುಂಡಿಯೊಳಗಿನ ಉಪ್ಪು ಹೊರಗೆ ಬರುವುದಿಲ್ಲ. ಅದಕ್ಕೆ ನೆನೆಹಾಕಬೇಕು. 4 ಇಂಚಿನ ಪಿವಿಸಿ ಪೈಪ್ 1.2 ಮೀಟರ್ ತುಂಡು, ಒಂದು ತುದಿಗೆ ಕ್ಯಾಪ್ ಅಂಟಿಸಿ ನಿಲ್ಲಿಸಿದರೆ ಸುಮಾರು 10 ಲೀಟರ್ ಹಿಡಿಯುತ್ತದೆ. ಲೀಟರಿಗೆ 50 ಗ್ರಾಂ ವಾಷಿಂಗ್ ಸೋಡಾ, ಅಂದರೆ ಅರ್ಧ ಕಿಲೋ. ಅಲಗನ್ನು ಒಂದು ರಾತ್ರಿ ಪೂರ್ತಿ ಮುಳುಗಿಸಿ, ಬೆಳಿಗ್ಗೆ ನೀರು ಬದಲಿಸಿ ಇನ್ನೊಂದು ರಾತ್ರಿ. ಕ್ಷಾರದಲ್ಲಿ ಉಕ್ಕು ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಅವಸರ ಬೇಡ. ಕೊನೆಯ ತೊಳೆತ ಬೋರ್‌ವೆಲ್ ನೀರಲ್ಲಿ ಬೇಡವೇ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, 5 ಲೀಟರ್ ಕ್ಯಾನ್ ಒಂದು ಸಾಕು.

ನಳಿಕೆಗಾಜು:

ಉಕ್ಕಿನಮನೆ ಅವರು ಹೇಳಿದ್ದಕ್ಕೆ ಒಂದು ಪರೀಕ್ಷೆ ಸೇರಿಸ್ತೀನಿ. ಕ್ಲೋರೈಡ್ ಹೋಯ್ತಾ ಇಲ್ವಾ ಅನ್ನೋದನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಕೊನೆಯ ತೊಳೆತದ ಡಿಸ್ಟಿಲ್ಡ್ ನೀರನ್ನ ಒಂದು ಟೆಸ್ಟ್ ಟ್ಯೂಬ್‌ನಲ್ಲಿ ಹಿಡಿದು ಸಿಲ್ವರ್ ನೈಟ್ರೇಟ್ ದ್ರಾವಣ ಎರಡು ಹನಿ ಹಾಕಿ. ಬಿಳಿ ಮಬ್ಬು ಬಂದ್ರೆ ಕ್ಲೋರೈಡ್ ಇನ್ನೂ ಇದೆ. ಪಕ್ಕದಲ್ಲೇ ಇನ್ನೊಂದು ಟ್ಯೂಬ್‌ನಲ್ಲಿ ಬರೀ ಡಿಸ್ಟಿಲ್ಡ್ ನೀರು ಇಟ್ಕೊಂಡು ಹೋಲಿಸಿ. ನಲ್ಲಿ ನೀರಲ್ಲಿ ಈ ಪರೀಕ್ಷೆ ಮಾಡಬೇಡಿ, ಕಾವೇರಿ ನೀರೇ ಮಬ್ಬು ಕೊಡುತ್ತೆ. ಸೋಡಾ ನೀರೂ ಬೇಡ, ಅದು ಬೆಳ್ಳಿ ಜೊತೆ ಸೇರಿ ಬೇರೆ ಗಸಿ ಕೊಟ್ಟು ದಾರಿ ತಪ್ಪಿಸುತ್ತೆ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದ್ರೆ ಕಪ್ಪು ಕಲೆ ವಾರಗಟ್ಟಲೆ ಇರುತ್ತೆ.

ಆ ಹಳೇ ದ್ರಾವಣವನ್ನ ಸಿಂಕಿಗೆ ಸುರಿಯಬೇಡಿ. ತಾಮ್ರ ಮೀನಿಗೆ ವಿಷ, ನಮ್ಮೂರಲ್ಲಿ ಚರಂಡಿ, ರಾಜಕಾಲುವೆ ಅಂತ ಹೋಗಿ ಕೊನೆಗೆ ಸೇರೋದು ಕೆರೆಗೇ. ದೊಡ್ಡ ಬಕೆಟ್‌ನಲ್ಲಿ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಹಾಕಿ, ನೊರೆ ನಿಂತ ಮೇಲೆ ಒಂದು ದಿನ ಬಿಡಿ. ತಳದ ಕೆಸರನ್ನ ಒಣಗಿಸಿ, ಡಬ್ಬದಲ್ಲಿ ಭದ್ರವಾಗಿ ಮುಚ್ಚಿ, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಕುಲುಮೆಕಿಡಿ:

ಹತ್ತಿ ಕಡುನೀಲಿ ಬಂತು! ಸೂರ್ಯನ ಕಿರಣಗಳ ಸಂದಿಯಲ್ಲೇ ಜಾಸ್ತಿ. ಸೋಡಾದಲ್ಲಿ ಎರಡು ರಾತ್ರಿ ನೆನೆಸಿ ತೊಳೆದ ಮೇಲೆ ಸಿಲ್ವರ್ ನೈಟ್ರೇಟ್‌ಗೆ ಮಬ್ಬು ಇಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಒಳಗೆ ತೆಳುವಾಗಿ ಕೆಂಪು ತುಕ್ಕಿದೆ, ಅದನ್ನ ಕೆರೆದ್ರೆ ನಕ್ಷತ್ರದ ಮೊನೆ ಹಾಳಾಗುತ್ತೆ ಅಂತ ಭಯ. ಮತ್ತೆ, ಒಂದಾಗಿಹೋದ ರೂನ್‌ಗಳಿಗೆ ಏನು ಮಾಡಲಿ?

ಉಕ್ಕಿನಮನೆ:

ಕೆರೆಯಬೇಡಿ. ಕ್ಲೋರೈಡ್ ಹೋದ ಮೇಲೆ ಉಳಿದ ತೆಳು ಕೆಂಪು ತುಕ್ಕು ಉಪಯೋಗಕ್ಕೇ ಬರುತ್ತದೆ. ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿ 20 ನಿಮಿಷ ಇಟ್ಟರೆ ಕೆಂಪು ತುಕ್ಕು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ. ಬಂದೂಕಿನ ನಳಿಕೆಗಳಿಗೆ ಹಿಂದಿನಿಂದಲೂ ಕಪ್ಪು ಏರಿಸುವುದು ಇದೇ ರೀತಿ. ನಿಮ್ಮ ಚಿತ್ರ ಗಾರ್ಡಿನ ಹತ್ತಿರವೇ ಇದ್ದರೆ ಅಲಗನ್ನು ಬುಡ ಕೆಳಗಾಗಿ ಎತ್ತರದ ಪಾತ್ರೆಯಲ್ಲಿ ಇಳಿಸಿ. ಪಿವಿಸಿ ಪೈಪಿನಲ್ಲಿ ಕುದಿನೀರು ಹಾಕಬೇಡಿ, ಮೆತ್ತಗಾಗಿ ಸೊಟ್ಟಗಾಗುತ್ತದೆ. 100 ಡಿಗ್ರಿಗೆ ಉಕ್ಕಿನ ಹದ ಕೆಡುವುದಿಲ್ಲ, ಟೆಂಪರಿಂಗ್ ಆಗಿರುವುದು ಅದಕ್ಕಿಂತ ಎಷ್ಟೋ ಮೇಲಿನ ಶಾಖದಲ್ಲಿ. ತೆಗೆದ ಕೂಡಲೇ ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, 1000 ಗ್ರಿಟ್ ವಾಟರ್ ಪೇಪರನ್ನು ಗಟ್ಟಿ ಮರದ ತುಂಡಿಗೆ ಸುತ್ತಿ ಮೇಲ್ಮೈ ಮಾತ್ರ ಉಜ್ಜಿ. ತಳ ಕಪ್ಪು, ಮೇಲೆ ಬಿಳಿ ಉಕ್ಕು. ಈ ಕತ್ತಿಗೆ ಅದೇ ಚಂದ.

ರೂನ್‌ಗಳ ವಿಷಯ ಬೇರೆ. ಎಚಿಂಗ್ ಕೆಳಗೆ ಇಳಿದಷ್ಟೇ ಪಕ್ಕಕ್ಕೂ ತಿನ್ನುತ್ತದೆ. 0.2 ಆಳಕ್ಕೆ ಗೆರೆಯ ಎರಡೂ ಬದಿಯಲ್ಲಿ ಹತ್ತಿರ ಹತ್ತಿರ 0.2 ಹೋಗುತ್ತದೆ. 0.6ರ ಸಂದಿನಲ್ಲಿ ಉಳಿಯುವುದು 0.2, ವಿನೈಲ್ ಸ್ವಲ್ಪ ಎದ್ದರೂ ಅದೂ ಇಲ್ಲ. ಗೋಡೆಯ ಪ್ರತಿಕೃತಿಗೆ 0.1 ಆಳ ಧಾರಾಳ. ಗೆರೆ 0.8 ಬೇಕಿದ್ದರೆ ವಿನೈಲ್‌ನಲ್ಲಿ 0.6 ಕತ್ತರಿಸಿ, ಸಂದು 1 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಜಾಗ ಸಾಲದಿದ್ದರೆ ಅಕ್ಷರ ಕಡಿಮೆ ಮಾಡಿ. ಕಾದಂಬರಿಯಲ್ಲಿ ರೂನ್‌ಗಳಿದ್ದವು ಎಂದಷ್ಟೇ ಇದೆ, ಏನು ಬರೆದಿತ್ತು ಎಂದು ಕೊಟ್ಟಿಲ್ಲ, ಆದ್ದರಿಂದ ಸ್ವಾತಂತ್ರ್ಯ ನಿಮ್ಮದೇ. ಏಳು ನಕ್ಷತ್ರ ಮಾತ್ರ ಏಳೇ ಇರಬೇಕು. ಚಂದ್ರ ಮತ್ತು ಸೂರ್ಯರ ಕೇಂದ್ರಗಳ ನಡುವೆ 200 ಮಿ.ಮೀ. ಬಿಟ್ಟರೆ 25 ಮಿ.ಮೀ.ಗೆ ಒಂದರಂತೆ ನಕ್ಷತ್ರಗಳು ಸರಿಯಾಗಿ ಕೂರುತ್ತವೆ.

ಹಾಳಾದ ಮುಖ ಉಳಿಸಬೇಕೆಂದರೆ ಕಾಲುವೆಯನ್ನು 0.25 ಆಳ ಹೆಚ್ಚಿಸಬೇಕು. ಕಾಲುವೆಯ ಬಾಗಿಗೆ ಹೊಂದುವ ಮರದ ಗುಂಡು ಕಡ್ಡಿಗೆ 120 ಎಮರಿ ಸುತ್ತಿ, ಉದ್ದಕ್ಕೂ ಒಂದೇ ಸಮ ಎಳೆಯಿರಿ, ಆಮೇಲೆ 240, 400. ಹಾಗೆ ಮಾಡುವುದಾದರೆ ಕುದಿನೀರಿನ ಕೆಲಸ ಈಗ ಬೇಡ, ಹೊಸದಾಗಿ ಕೊರೆದ ಮೇಲೆ ಮಾಡಿ. ಬೇಸರದ ಕೆಲಸ ನಿಜ, ಆದರೆ ಇಷ್ಟು ಒಳ್ಳೆಯ ಅಲಗನ್ನು ಅರ್ಧಕ್ಕೆ ಬಿಡಬಾರದು.

ನಳಿಕೆಗಾಜು:

ಎರಡನೇ ಮುಖಕ್ಕೆ ಹೊಸ ದ್ರಾವಣ ಮಾಡುವಾಗ ನೀರಿಗೆ ಫೆರಿಕ್ ಹಾಕಿ, ಫೆರಿಕ್‌ಗೆ ನೀರು ಸುರಿಯಬೇಡಿ, ತುಂಬಾ ಬಿಸಿಯಾಗಿ ಆಮ್ಲದ ಹೊಗೆ ಏಳುತ್ತೆ. ಅದೇ ಅಳತೆಯ ಪೈಪನ್ನ ಉದ್ದಕ್ಕೆ ಸೀಳಿ ಎರಡೂ ಕಡೆ ಮುಚ್ಚಿದ್ರೆ ಒಳ್ಳೇ ದೋಣಿ ಆಗುತ್ತೆ. ಕೊರೆಯೋ ಮುಖ ಕೆಳಗಿರಲಿ, ಕರಗಿದ ಕಸ ತಾನಾಗಿ ಉದುರುತ್ತೆ. ಆದ್ರೆ ಕಾಲುವೆಯೊಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡ್ರೆ ಅಲ್ಲಿ ಕೊರೆಯಲ್ಲ, 5 ನಿಮಿಷಕ್ಕೊಮ್ಮೆ ಓರೆಯಾಗಿ ಎತ್ತಿ ಇಳಿಸಿ. ಸ್ಟಿಕ್ಕರ್ ಅಂಟಿಸೋ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ನೀರು ಹಾಕಿದ್ರೆ ಹನಿಯಾಗದೆ ಹಾಳೆ ಹಾಗೆ ಹರಡಬೇಕು. ವಿನೈಲ್ ಅಂಚನ್ನ ಕಾಲುವೆ ಬಾಗಿನಲ್ಲಿ ಹೇರ್ ಡ್ರೈಯರ್ ಬಿಸಿ ಕೊಟ್ಟು ಒತ್ತಿ.

ಸಮಯ ನನ್ನನ್ನ ಕೇಳಬೇಡಿ. ಡಿಸೆಂಬರ್ ರಾತ್ರಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ವೇಗ ದುಪ್ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಆಗುತ್ತೆ. ಅದೇ ಪಟ್ಟಿಯ, ಅದೇ ಹೀಟ್ ಟ್ರೀಟ್‌ಮೆಂಟ್ ಆದ ತುಂಡನ್ನ ಜೊತೆಗೆ ಮುಳುಗಿಸಿ, ಅದನ್ನ ಅಳೆಯುತ್ತಾ ಹೋಗಿ.

ನಿರ್ವಾಹಕ:

ಗಮನಿಸಿ: 2016ರ ಆಯುಧ ನಿಯಮಗಳಲ್ಲಿ ಕತ್ತಿ 5ನೇ ವರ್ಗಕ್ಕೆ ಬರುತ್ತದೆ, ಅಲಗು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಆಯುಧಗಳನ್ನೂ ಅಲ್ಲಿ ಹೆಸರಿಸಿದ್ದಾರೆ. ಅಂಚು ಮತ್ತು ಮೊನೆ ಮೊಂಡಾಗಿಯೇ ಇರಲಿ, ಬಸ್ಸು, ಮೆಟ್ರೊಗಳಲ್ಲಿ ಒಯ್ಯಬೇಡಿ, ಅನುಮಾನವಿದ್ದರೆ ಪೊಲೀಸ್ ಠಾಣೆಯಲ್ಲಿ ಕೇಳಿ ಮುಂದುವರಿಯಿರಿ.

ಕುಲುಮೆಕಿಡಿ:

ಅಂಚು, ಮೊನೆ ಎರಡೂ ಮೊಂಡು, ಹಾಗೇ ಇರುತ್ತೆ ಸರ್. ಕೊನೆಯ ಪ್ರಶ್ನೆ: ಎಲ್ಲ ಆದ ಮೇಲೆ ಅಲಗಿಗೆ ಏನು ಹಚ್ಚಲಿ, ಕೊಬ್ಬರಿ ಎಣ್ಣೆ ನಡೆಯುತ್ತಾ? ಚರ್ಮದ ಒರೆಯಲ್ಲೇ ಇಡಬಹುದಾ?

ಉಕ್ಕಿನಮನೆ:

ಕೊಬ್ಬರಿ ಎಣ್ಣೆ ಬೇಡ, ಹಳತಾದಂತೆ ಅದರಲ್ಲಿ ಆಮ್ಲ ಬೆಳೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಹಚ್ಚಿ ಒಂದು ವಾರ ನೋಡಿ. ಚುಕ್ಕೆ ಬರದಿದ್ದರೆ ಎಣ್ಣೆಯನ್ನು ಅಸಿಟೋನ್‌ನಲ್ಲಿ ತೆಗೆದು, ಅಲಗನ್ನು ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ ಮೈಕ್ರೋಕ್ರಿಸ್ಟಲೈನ್ ಮೇಣ ಉಜ್ಜಿ. ಅಕ್ಷರದೊಳಕ್ಕೆ ಹಲ್ಲುಜ್ಜುವ ಬ್ರಷ್‌ನಿಂದ. ಚರ್ಮದ ಒರೆಯಲ್ಲಿ ಇಡಬೇಡಿ, ಹದ ಮಾಡಿದ ಚರ್ಮದಲ್ಲಿ ಆಮ್ಲವೋ ಲವಣವೋ ಇದ್ದೇ ಇರುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಒರೆಯನ್ನು ಪಕ್ಕದಲ್ಲಿ ಬೇರೆಯಾಗಿ ತೂಗುಹಾಕಿ. ಹಿಡಿಗೆ ಚರ್ಮ ಸುತ್ತುವ ಮೊದಲು ಒಳಗೆ ಹೋಗುವ ಟ್ಯಾಂಗ್‌ಗೆ ಎಪಾಕ್ಸಿ ಪೂರ್ತಿ ಬಳಿಯಿರಿ, ಗಾರ್ಡ್ ಮತ್ತು ಅಲಗಿನ ನಡುವಿನ ಸಂದನ್ನೂ ಅದರಿಂದಲೇ ತುಂಬಿ. ಹಿತ್ತಾಳೆ, ಉಕ್ಕು, ತೇವ ಮೂರೂ ಸೇರುವ ಜಾಗ ಅದೊಂದೇ ಉಳಿದಿರುವುದು.