ಸಹಾಯ ಬೇಕು: ಪೇಜ್ ಟೇಬಲ್ ಬದಲಿಸಿದರೂ ಇನ್ನೊಂದು ಕೋರ್ ಹಳೆ ಪೇಜಿಗೇ ಬರೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಾವು ಗೆಳೆಯರು ಸೇರಿ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸಕ್ಕೆ ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇವೆ. ಮೂರು ಹಂತದ ಪೇಜ್ ಟೇಬಲ್ (ಪ್ರೋಗ್ರಾಂ ಬಳಸುವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಎಂದು ಹೇಳುವ ಪಟ್ಟಿ), ಒಂದೊಂದರಲ್ಲೂ 512 ಎಂಟ್ರಿ, 4 ಕೆಬಿ ಪೇಜ್. ಒಂದೇ ಕೋರ್ ಇದ್ದರೆ ಎಲ್ಲ ಸರಿ. ಎರಡು ಕೊಟ್ಟ ತಕ್ಷಣ ತೊಂದರೆ ಶುರು.

ಫೋರ್ಕ್ ಆದಾಗ (ಒಂದು ಪ್ರೊಸೆಸ್ ತನ್ನ ನಕಲಾಗಿ ಚೈಲ್ಡ್ ಪ್ರೊಸೆಸ್ ಹುಟ್ಟಿಸಿದಾಗ) ಪೇಜ್ ಎರಡಕ್ಕೂ ಒಂದೇ ಇರುತ್ತದೆ, ಹಾಗಾಗಿ ಎಂಟ್ರಿಯ ರೈಟ್ ಬಿಟ್ (ಬರೆಯುವ ಅನುಮತಿ) ತೆಗೆದು ಎಸ್‌ಫೆನ್ಸ್ (ಕೋರ್ ನೆನಪಿಟ್ಟ ಹಳೆ ಎಂಟ್ರಿ ಅಳಿಸುವ ಸೂಚನೆ) ಹಾಕುತ್ತೇವೆ. ಆದರೂ ಇನ್ನೊಂದು ಕೋರ್‌ನಲ್ಲಿರುವ ಥ್ರೆಡ್ ಪೇಜ್ ಫಾಲ್ಟ್ (ಅನುಮತಿ ಇಲ್ಲದಾಗ ತಡೆದು ಕರ್ನಲ್‌ಗೆ ತಿಳಿಸುವುದು) ಇಲ್ಲದೆ ಬರೆದುಬಿಡುತ್ತದೆ, ಚೈಲ್ಡ್ ಪ್ರೊಸೆಸ್‌ನ ಡೇಟಾ ಕೆಡುತ್ತದೆ. ಎಸ್‌ಫೆನ್ಸ್ ತನ್ನ ಕೋರ್‌ನ ಟಿಎಲ್‌ಬಿಗೆ (ಎಂಟ್ರಿಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಮಾತ್ರ ಅಲ್ವಾ, ಹಾಗಾಗಿ ಇನ್ನೊಂದು ಕೋರ್‌ಗೆ ಇಂಟರಪ್ಟ್ (ಕೆಲಸ ನಿಲ್ಲಿಸಿ ಗಮನ ಕೊಡು ಎಂಬ ಸಂಕೇತ) ಕಳಿಸಿ, ಅದೂ ಎಸ್‌ಫೆನ್ಸ್ ಹಾಕುವವರೆಗೆ ಕಾಯಲೇಬೇಕು. ಸಿಕ್ಕಿಕೊಂಡಿರುವುದು ಇಲ್ಲೇ: ನಾವು ಪೇಜ್ ಟೇಬಲ್ ಲಾಕ್ (ಒಮ್ಮೆಗೆ ಒಬ್ಬರೇ ಟೇಬಲ್ ಬದಲಿಸುವಂತೆ ಮಾಡುವ ಬೀಗ) ಹಿಡಿದು ಕಾಯುವಾಗ ಆ ಕೋರ್ ಇಂಟರಪ್ಟ್ ಆಫ್ ಮಾಡಿಕೊಂಡು ಅದೇ ಲಾಕ್‌ಗೆ ಕಾಯುತ್ತಿದ್ದರೆ ಎರಡೂ ನಿಂತುಬಿಡುತ್ತವೆ. ಲಾಕ್ ಬಿಟ್ಟು ಕಾಯಬಹುದಾ? ಅಷ್ಟರಲ್ಲಿ ಬೇರೆ ಥ್ರೆಡ್ ಎಂಟ್ರಿ ಬದಲಿಸಿದರೆ?

ಇದನ್ನು ಮಾಡಿದವರು ದಯವಿಟ್ಟು ಹೇಳಿ. ಬೆಳಗಾವಿ, ಬಾಗಲಕೋಟೆ ಕಡೆಯವರಾದರೆ ನಾವೇ ಲ್ಯಾಪ್‌ಟಾಪ್ ಹಿಡಿದು ಬರುತ್ತೇವೆ.