ಪದ ಬೇಕು (ತುರ್ತು): ಟರ್ಬೊ, ಸೂಪರ್‌ಚಾರ್ಜರ್ ಎರಡೂ ಇರುವ ಇಂಜಿನ್ನಿಗೆ

ಕೋಲಾರದಿಂದ:

ಐಟಿಐ ಒಂದಕ್ಕೆ ಚಿತ್ರಫಲಕ ಕನ್ನಡ ಮಾಡಿಕೊಡಬೇಕಾಗಿದೆ. ನಾಲ್ಕಡಿ ಅಗಲ, ಮೂರಡಿ ಎತ್ತರದ ಸನ್‌ಬೋರ್ಡ್. ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ವಿಷಯ: ಸಣ್ಣ ಪೆಟ್ರೋಲ್ ಇಂಜಿನ್ನಿನಲ್ಲಿ ಟರ್ಬೊ, ಸೂಪರ್‌ಚಾರ್ಜರ್ ಎರಡನ್ನೂ ಕೂಡಿಸುವುದು. ಚಿತ್ರದಲ್ಲಿರುವುದು ಫೋಕ್ಸ್‌ವ್ಯಾಗನ್ 2005ರಲ್ಲಿ ಗಾಲ್ಫ್ ಜಿಟಿಗೆ ತಂದ 1390 ಸಿಸಿ ಇಂಜಿನ್. ಇಂಗ್ಲಿಷಿನಲ್ಲಿ ಟ್ವಿನ್‌ಚಾರ್ಜಿಂಗ್ ಅನ್ನುತ್ತಾರೆ. ತಲೆಬರಹಕ್ಕೆ ಒಂದು ಹೆಸರು ಬೇಕು. ಬಾಣಗಳ ಪಕ್ಕದ ಚೀಟಿಗಳಿಗೆ ಎರಡು ಪದ ಮೀರದ ಹೆಸರುಗಳು ಬೇಕು.

ಕೈಗೆ ಬಂದಿರುವ ಕರಡಿನಲ್ಲಿ ‘ದ್ವಿ ಚಾರ್ಜಿಂಗ್’ ಅಂತಿದೆ. ಈಗಿನ ಹುಡುಗರು ಓದಿದರೆ ಎಲೆಕ್ಟ್ರಿಕ್ ಗಾಡಿಗೆ ಎರಡು ಪ್ಲಗ್ಗು ಅಂದುಕೊಳ್ಳುತ್ತಾರೆ. ಸೂಪರ್‌ಚಾರ್ಜರಿನ ‘ರೂಟ್ಸ್ ಮಾದರಿ’ಯನ್ನು ಯಂತ್ರಾನುವಾದ ‘ಬೇರು ಮಾದರಿ’ ಮಾಡಿಟ್ಟಿದೆ. ಅದು ಗಾಳಿ ಊದುವ ಯಂತ್ರಕ್ಕೆ 1860ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಅಣ್ಣತಮ್ಮಂದಿರ ಮನೆತನದ ಹೆಸರು. ‘ಕಂಪ್ರೆಸರ್’ ಹಾಕೋಣವೆಂದರೆ ನಮ್ಮ ಕಡೆ ಆ ಮಾತಿಗೆ ಬೋರ್‌ವೆಲ್ ಬಿಟ್ಟು ಬೇರೆ ಅರ್ಥವೇ ಇಲ್ಲ.

ಶಿಡ್ಲಘಟ್ಟದಿಂದ:

ತಿದಿ. ಕುಲುಮೆಯಲ್ಲಿ ಉರಿಗೆ ಗಾಳಿ ಒತ್ತುವುದು ತಿದಿ, ಇಲ್ಲೂ ಅದೇ ಕೆಲಸ. ಎರಡಿದ್ದರೆ ‘ಇತ್ತಿದಿ’, ಇತ್ತಂಡದ ಹಾಗೆ. ‘ದ್ವಿ ಚಾರ್ಜಿಂಗ್’ ಅರಿಸಮಾಸ ಅಂತ ಪದಚರ್ಚೆಯ ಈ ಅಂಚೆಪಟ್ಟಿಯಲ್ಲಿ ಬಿಡಿಸಿ ಹೇಳಬೇಕಿಲ್ಲ.

ಚಿಕ್ಕಬಳ್ಳಾಪುರದಿಂದ:

ಇಷ್ಟೇಕೆ? ಫೋಕ್ಸ್‌ವ್ಯಾಗನ್ ಇಟ್ಟಿರುವ ಹೆಸರನ್ನೇ, ‘ಟಿಎಸ್‌ಐ ಇಂಜಿನ್’ ಅಂತ ಬರೆದುಬಿಡಿ. ಕಾರಿನ ಹಿಂದೆಯೇ ಅಂಟಿಸಿರುತ್ತಾರೆ.

ತುಮಕೂರಿನಿಂದ:

ಬರೆಯಬೇಡಿ. ನಮ್ಮಲ್ಲಿ ಮಾರಿದ ಪೋಲೊ ಜಿಟಿಯ 1.2 ಲೀಟರ್ ಇಂಜಿನ್ನೂ ಟಿಎಸ್‌ಐಯೇ, ಅದರಲ್ಲಿರುವುದು ಬರೀ ಟರ್ಬೊ. ಮೇಲಾಗಿ ಈ ಜೋಡಣೆ ಒಂದು ಕಂಪನಿಯ ಸ್ವತ್ತಲ್ಲ. 1985ರ ಲ್ಯಾನ್ಸಿಯಾ ಡೆಲ್ಟಾ ಎಸ್4 ರ‍್ಯಾಲಿ ಕಾರಿನ 1759 ಸಿಸಿ ಇಂಜಿನ್ನಿನಲ್ಲೂ ಇತ್ತು, ನಿಸ್ಸಾನ್ ಮಾರ್ಚ್ ಸೂಪರ್ ಟರ್ಬೊದಲ್ಲಿ ಬರೀ 930 ಸಿಸಿಗೆ ಎರಡನ್ನೂ ಕೂರಿಸಿದ್ದರು. ವೋಲ್ವೊದ ಮೊದಮೊದಲ ಎಕ್ಸ್‌ಸಿ90 ಟಿ8ನಲ್ಲಂತೂ ಇವೆರಡರ ಜೊತೆಗೆ ಎಲೆಕ್ಟ್ರಿಕ್ ಮೋಟರೂ ಇತ್ತು.

‘ಇತ್ತಿದಿ’ಯನ್ನು ಓದುಗ ‘ಇತ್ತು’ವಿನ ಅಚ್ಚಿನ ತಪ್ಪು ಅಂದುಕೊಂಡು ಮುಂದೆ ಹೋಗುತ್ತಾನೆ. ಹೆಸರಿಗಿಂತ ಮೊದಲು ಕೆಲಸ ನೋಡೋಣ, ಇಲ್ಲದಿದ್ದರೆ ಚೀಟಿಗಳು ಅದಲುಬದಲಾಗುತ್ತವೆ.

ಎರಡೂ ಸಿಲಿಂಡರಿಗೆ ಹೋಗುವ ಗಾಳಿಯನ್ನೇ ಒತ್ತುತ್ತವೆ. ಯಾವುದನ್ನು ಯಾರು ತಿರುಗಿಸುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ. ಸೂಪರ್‌ಚಾರ್ಜರನ್ನು ತಿರುಗಿಸುವುದು ಬೆಲ್ಟಿನ ಮೂಲಕ ಕ್ರ್ಯಾಂಕು. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಳೆತ ಸಿಗುತ್ತದೆ, ಆದರೆ ಆ ಶಕ್ತಿಯನ್ನು ಇಂಜಿನ್ನೇ ತನ್ನ ಗಂಟಿನಿಂದ ಕೊಡಬೇಕು. ಟರ್ಬೊವನ್ನು ತಿರುಗಿಸುವುದು ಸೈಲೆನ್ಸರಿನತ್ತ ಹೋಗುವ ಬಿಸಿ ಹೊಗೆ. ಹೆಚ್ಚುಕಡಿಮೆ ಪುಕ್ಕಟೆ, ಆದರೆ ಕೆಳಗಿನ ಆರ್‌ಪಿಎಂನಲ್ಲಿ ಹೊಗೆ ಸಾಲದು, ಲ್ಯಾಗ್ ಬರುತ್ತದೆ, ಅಂದರೆ ಒತ್ತಿದ ಮೇಲೆ ಎಳೆತ ತಡವಾಗಿ ಸಿಗುತ್ತದೆ. ಸಣ್ಣ ಇಂಜಿನ್ನಿಗೆ ದೊಡ್ಡ ಟರ್ಬೊ ಹಾಕಿದರೆ ಲ್ಯಾಗ್ ಇನ್ನೂ ಹೆಚ್ಚು. ಸಣ್ಣ ಟರ್ಬೊ ಹಾಕಿದರೆ ಮೇಲೆ ಹೋದಂತೆ ಅದಕ್ಕೆ ಉಸಿರು ಕಟ್ಟುತ್ತದೆ. ಅದಕ್ಕೇ ಎರಡನ್ನೂ ಹಾಕುವುದು.

ಈ ಇಂಜಿನ್ನಿನಲ್ಲಿ ಗಾಳಿ ಹೋಗುವ ದಾರಿ: ಏರ್ ಫಿಲ್ಟರ್, ಸೂಪರ್‌ಚಾರ್ಜರ್, ಟರ್ಬೊ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಥ್ರಾಟಲ್. ಸೂಪರ್‌ಚಾರ್ಜರಿನ ಒಳಗೆ ಹೋಗದೆ ಸುತ್ತಿಹೋಗುವ ಪಕ್ಕದಾರಿಗೆ ಒಂದು ಕವಾಟ. 2400 ಆರ್‌ಪಿಎಂವರೆಗೆ ಎಳೆತ ಬೇಕಾದಾಗಲೆಲ್ಲ ಸೂಪರ್‌ಚಾರ್ಜರ್ ಕೂಡಿಕೊಳ್ಳುತ್ತದೆ. 2400ರಿಂದ 3500ರ ನಡುವೆ, ಥಟ್ಟನೆ ಒತ್ತಿದರೆ ಮಾತ್ರ. 3500 ದಾಟಿದರೆ ಮ್ಯಾಗ್ನೆಟ್ ಕ್ಲಚ್ ಬಿಡುತ್ತದೆ, ಕವಾಟ ಪೂರ್ತಿ ತೆರೆದು ಗಾಳಿ ನೇರ ಟರ್ಬೊಗೆ ಹೋಗುತ್ತದೆ. 3500ಕ್ಕೇ ಯಾಕೆಂದರೆ, ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕಿನ ಐದು ಪಟ್ಟು. ಅಲ್ಲಿಗೆ 17,500 ಆಯಿತು, ಅದರ ಮಿತಿಯೇ ಅಷ್ಟು. ಆ ಕ್ಲಚ್ಚು ಇರುವುದು ವಾಟರ್ ಪಂಪಿನ ಪುಲ್ಲಿಯಲ್ಲಿ. ಬಾಣ ಅಲ್ಲಿಗೆ ಹೋಗಲಿ, ಸೂಪರ್‌ಚಾರ್ಜರಿನ ಮೂತಿಗಲ್ಲ.

ಹಾಗಾಗಿ ‘ಅವಳಿ’ಯೂ ಬೇಡ. ಒಂದೇ ಬಗೆಯ ಎರಡು ಟರ್ಬೊ ಇದ್ದರೆ ಅವಳಿ. ಇದು ಜೋಡಿ.

ಚಿಂತಾಮಣಿಯಿಂದ:

ಟರ್ಬೊ ಶಬ್ದದ ಮೂಲವನ್ನು ಯಾರೂ ನೋಡಲಿಲ್ಲ. ಲ್ಯಾಟಿನ್ನಿನಲ್ಲಿ ಅದಕ್ಕೆ ಸುಂಟರಗಾಳಿ, ಬುಗುರಿ ಎರಡೂ ಅರ್ಥ. 1822ರಲ್ಲಿ ಫ್ರಾನ್ಸಿನಲ್ಲಿ ಟರ್ಬೈನ್ ಎಂಬ ಹೆಸರು ಕಟ್ಟಿದ್ದೂ ಅದರಿಂದಲೇ. ನಮ್ಮಲ್ಲಿ ಬುಗುರಿ ಇದೆಯಲ್ಲ: ಹೊಗೆಬುಗುರಿ, ಪಟ್ಟಿಬುಗುರಿ. ತಲೆಬರಹ ‘ಬುಗುರಿಜೋಡಿ’.

ತುಮಕೂರಿನಿಂದ:

ಟರ್ಬೊಗೆ ಬೇಕಾದರೆ ಹೇಳಿ. ರೂಟ್ಸ್ ಯಂತ್ರ ಬುಗುರಿಯಲ್ಲ. ಒಂದಕ್ಕೊಂದು ಎದುರಾಗಿ ತಿರುಗುವ ಎರಡು ರೋಟರುಗಳು ಗಾಳಿಯನ್ನು ತಮ್ಮ ಮತ್ತು ಗೋಡೆಯ ನಡುವೆ ಹಿಡಿದು ಆಚೆ ಸಾಗಿಸುತ್ತವೆ. ಒಳಗೆ ಹಿಂಡುವುದೇ ಇಲ್ಲ, ಒತ್ತಡ ಏರುವುದು ಹೊರಬಾಯಲ್ಲಿ. ಆ ಲೆಕ್ಕಕ್ಕೆ ತಿದಿಯೂ ಅಲ್ಲ, ತಿದಿ ಹಿಂಡುತ್ತದೆ.

ಶಿಡ್ಲಘಟ್ಟದಿಂದ:

ಯಂತ್ರದ ಹೊಟ್ಟೆ ಬಗೆದು ನೋಡಿ ಹೆಸರಿಡುವ ರೂಢಿ ಯಾವ ನುಡಿಗೂ ಇಲ್ಲ. ‘ಸೂಪರ್‌ಚಾರ್ಜರ್’ನಲ್ಲಿ ರೋಟರು ಎಲ್ಲಿ ಕಾಣುತ್ತದೆ? ಇಂಗ್ಲಿಷಿಗೆ ಇಲ್ಲದ ಕರಾರು ಕನ್ನಡಕ್ಕೆ ಮಾತ್ರ ಯಾಕೆ? ‘ಜೋಡಿ’ ಎರವಲು ಅನ್ನುವುದಂತೂ ಯಾರ ಕಣ್ಣಿಗೂ ಬೀಳಲಿಲ್ಲ.

ಚಿಂತಾಮಣಿಯಿಂದ:

ತಿದಿಯೇ ‘ದೃತಿ’ಯ ತದ್ಭವ ಎಂಬ ವಾದವಿದೆ. ಅಚ್ಚಗನ್ನಡದ ಮಾತು ಅಲ್ಲಿಗೆ ಸಾಕು.

ಶಿಡ್ಲಘಟ್ಟದಿಂದ:

ವಾದವಿದೆ, ತೀರ್ಮಾನವಿಲ್ಲ.

ಕೋಲಾರದಿಂದ:

ಸಾರ್, ತಿದಿಯ ಕುಲಗೋತ್ರ ಆಮೇಲೆ ವಿಚಾರಿಸೋಣ. ಐಟಿಐಯವರು ‘ಜೋಡಿ ಶಕ್ತಿವರ್ಧಕ’ ಸೂಚಿಸಿದ್ದಾರೆ, ಲೇಹ್ಯದ ಡಬ್ಬಿಗೆ ಚೆನ್ನಾಗಿರುತ್ತದೆ. ‘ಬೆಲ್ಟ್ ಊದುಕ’, ‘ಹೊಗೆ ಊದುಕ’ ಆದೀತೆ? ಇನ್ನೊಂದು: ‘ಟರ್ಬೊದ’ ಬರೆಯಲೋ ‘ಟರ್ಬೊವಿನ’ ಬರೆಯಲೋ? ಫಲಕದ ಬಲಗಡೆ ‘ಸಾಮಾನ್ಯ ದೋಷಗಳು’ ಅಂತ ಖಾಲಿ ಚೌಕವೂ ಇದೆ, ಅದಕ್ಕೆ ನಾಲ್ಕು ಸಾಲು ಬೇಕು.

ಮುಳಬಾಗಿಲಿನಿಂದ:

‘ಹೊಗೆ ಊದುಕ’ ಅಂದರೆ ಹೊಗೆಯನ್ನೇ ಊದುತ್ತದೆ ಅಂತಾಗುತ್ತದೆ. ಹುಡುಗ ಅದನ್ನು ಹಾಗೇ ತಲೆಗೆ ಹಾಕಿಕೊಂಡರೆ ಟರ್ಬೊದ ಎರಡು ಚಕ್ರಗಳಲ್ಲಿ ಹೊಗೆ ಯಾವುದಕ್ಕೆ, ಗಾಳಿ ಯಾವುದಕ್ಕೆ ಅನ್ನುವುದು ಕೊನೆತನಕ ತಿಳಿಯುವುದಿಲ್ಲ. ಅವನು ನಾಳೆ ಕೆಲಸಕ್ಕೆ ಸೇರುವ ಶೆಡ್ಡಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ, ಮೂರರಲ್ಲೂ ಟರ್ಬೊ ಟರ್ಬೊನೇ. ಬಿಡಿಭಾಗದ ಅಂಗಡಿಯಲ್ಲೂ ಅದೇ ಹೆಸರಿನಲ್ಲಿ ಕೇಳಬೇಕು. ವಿಭಕ್ತಿಗೆ ‘ಟರ್ಬೊದ’, ರೇಡಿಯೊದ ಅನ್ನುವ ಹಾಗೆ.

ದೋಷದ ಚೌಕಕ್ಕೆ ಇದನ್ನು ಹಾಕಿ. ಕೆಳಗೆ ಎಳೆತವಿಲ್ಲ, 3500 ಮೇಲೆ ಸರಿಯಾಗಿದೆ ಅಂದರೆ ಮ್ಯಾಗ್ನೆಟ್ ಕ್ಲಚ್, ಸೂಪರ್‌ಚಾರ್ಜರ್ ಬೆಲ್ಟ್, ಇಲ್ಲವೇ ಪಕ್ಕದಾರಿಯ ಕವಾಟ ತೆರೆದೇ ಸಿಕ್ಕಿಹಾಕಿಕೊಂಡಿರುವುದು. ಕೆಳಗೆ ಚೆನ್ನಾಗಿದ್ದು ಮೇಲೆ ಸುಸ್ತಾದರೆ ಟರ್ಬೊ, ಹೆಚ್ಚಾದ ಹೊಗೆಯನ್ನು ಟರ್ಬೊದಿಂದ ಆಚೆ ಬಿಡುವ ವೇಸ್ಟ್‌ಗೇಟ್ ಕಡೆ ನೋಡಬೇಕು. ಎರಡು ಕಡೆಯೂ ಸುಸ್ತು ಅಂದರೆ ಟರ್ಬೊ ದಾಟಿದ ಮೇಲಿನ ಹೋಸ್ ಕಳಚಿದೆಯೇ, ಇಂಟರ್‌ಕೂಲರ್ ಸೋರುತ್ತಿದೆಯೇ ಅಂತ ಮೊದಲು ನೋಡಿ, ಆಮೇಲೆ ದುಬಾರಿ ಸಾಮಾನು ಬಿಚ್ಚಿ. ಬೆಲ್ಟು ಎರಡಿವೆ ಅನ್ನುವುದನ್ನೂ ತೋರಿಸಿ. ಸೂಪರ್‌ಚಾರ್ಜರಿನದು ತುಂಡಾದರೆ ಎಳೆತ ಮಾತ್ರ ಹೋಗುತ್ತದೆ, ಗಾಡಿ ಓಡುತ್ತದೆ. ಮುಖ್ಯ ಬೆಲ್ಟು ತುಂಡಾದರೆ ವಾಟರ್ ಪಂಪೂ ನಿಲ್ಲುತ್ತದೆ, ತಕ್ಷಣ ಇಂಜಿನ್ ಆಫ್ ಮಾಡಬೇಕು.

ಜಾಗ ಉಳಿದರೆ ಪಿಸ್ಟನ್ನಿನ ವಿಷಯ. ಕಂಪ್ರೆಶನ್ 10:1, ಮೇಲೆ ಇಷ್ಟು ಒತ್ತಡ. ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ನಾಕಿಂಗ್ ಹಿಡಿಯುತ್ತದೆ (ಪೆಟ್ರೋಲ್ ಸಿಲಿಂಡರಿನಲ್ಲಿ ತಾನಾಗಿ ಸಿಡಿಯುತ್ತದೆ), ರಿಂಗುಗಳ ನಡುವಿನ ಅಂಚು ಒಡೆಯುತ್ತದೆ. ಈ ಇಂಜಿನ್ನಿನ ಹೆಸರಾಂತ ಕಾಯಿಲೆಯೇ ಅದು. ಆಯಿಲ್ ಕುಡಿಯತೊಡಗಿದರೆ ಸಿಲಿಂಡರುಗಳ ಕಂಪ್ರೆಶನ್ ಒಂದೊಂದಾಗಿ ಅಳೆಯಿರಿ.

ಶಿಡ್ಲಘಟ್ಟದಿಂದ:

ಶೆಡ್ಡಿನಲ್ಲಿ ಆಡುವುದೇ ಕನ್ನಡವಾದರೆ ಈ ಪಟ್ಟಿ ಮುಚ್ಚಿಬಿಡಬಹುದು. ಇವತ್ತು ಟರ್ಬೊ, ನಾಳೆ ಕ್ರಿಯಾಪದವೂ ಇಂಗ್ಲಿಷ್.

ಮುಳಬಾಗಿಲಿನಿಂದ:

ನೀವು ಕೂತಿರುವ ಕುರ್ಚಿ ಅರಬ್ಬಿಯಿಂದ ಬಂತು. ಎದ್ದು ನಿಂತಿರುವ ಹಾಗೆ ಕಾಣಲಿಲ್ಲ. ಬಸ್ಸು, ಪಂಪು, ಪುಲ್ಲಿ ನಮ್ಮ ವಿಭಕ್ತಿ ಹಚ್ಚಿಕೊಂಡ ಮೇಲೆ ನಮ್ಮವೇ.

ಶಿಡ್ಲಘಟ್ಟದಿಂದ:

ಎರವಲಿಗೂ ಸೋಮಾರಿತನಕ್ಕೂ ವ್ಯತ್ಯಾಸವಿದೆ. ಕುರ್ಚಿ ಬಂದಾಗ ಆ ವಸ್ತುವಿಗೆ ನಮ್ಮಲ್ಲಿ ಹೆಸರಿರಲಿಲ್ಲವೇನೋ. ಗಾಳಿ ಒತ್ತುವುದಕ್ಕೆ ಇತ್ತು.

ತುಮಕೂರಿನಿಂದ:

ಇತ್ತು, ಆ ಕ್ರಿಯಾಪದವನ್ನೇ ಇಟ್ಟುಕೊಳ್ಳೋಣ. ಯಂತ್ರದ ಹೆಸರು ಮುಟ್ಟುವುದು ಬೇಡ, ನಡೆಯುವ ಕ್ರಿಯೆಗೆ ಕನ್ನಡ ಕೊಡಿ: ಒತ್ತುಗಾಳಿ. ಬೀಸುಕಲ್ಲು, ಊದುಗೊಳವೆಯ ಹಾಗೆ ಧಾತುವಿಗೆ ನಾಮ ಹತ್ತಿದೆ, ಯಾವ ಪಂಗಡಕ್ಕೂ ತಕರಾರಿರಬಾರದು. ತಲೆಬರಹ ‘ಜೋಡಿ ಒತ್ತುಗಾಳಿ ಇಂಜಿನ್’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೆಲ್ಟ್ ತಿರುಗಿಸುವ ಸೂಪರ್‌ಚಾರ್ಜರ್, ಹೊಗೆ ತಿರುಗಿಸುವ ಟರ್ಬೊ’. ‘ಚಾಲಿತ’ ಬೇಡ, ‘ತಿರುಗಿಸುವ’ ಸಾಕು. ಚೀಟಿಗಳು: ಸೂಪರ್‌ಚಾರ್ಜರ್, ಟರ್ಬೊ, ಮ್ಯಾಗ್ನೆಟ್ ಕ್ಲಚ್, ಪಕ್ಕದಾರಿ ಕವಾಟ, ಇಂಟರ್‌ಕೂಲರ್. ಹೊಗೆಯ ಬಾಣ ಕೆಂಪು, ಗಾಳಿಯ ಬಾಣ ನೀಲಿ. ಟರ್ಬೊದಲ್ಲಿ ಎರಡು ಬಣ್ಣವೂ ಸೇರಕೂಡದು, ನಡುವೆ ಶಾಫ್ಟ್ ಕಾಣಲಿ.

ಚಿಂತಾಮಣಿಯಿಂದ:

ಬುಗುರಿಯನ್ನು ಅಡಿಟಿಪ್ಪಣಿಗಾದರೂ ಹಾಕಬಹುದಿತ್ತು.

ಕೋಲಾರದಿಂದ:

ಮೂರಡಿ ಎತ್ತರದ ಫಲಕದಲ್ಲಿ ಅಡಿಟಿಪ್ಪಣಿ ಓದಲು ಬಗ್ಗಬೇಕಾಗುತ್ತದೆ ಸಾರ್. ಒತ್ತುಗಾಳಿ ಹಾಕಿದ್ದೇನೆ. ‘ಬೇರು ಮಾದರಿ’ ತೆಗೆದು ‘ರೂಟ್ಸ್ ಮಾದರಿ’ ಮಾಡಿದ್ದೇನೆ. ದೋಷಗಳ ಸಾಲು ಮುಳಬಾಗಿಲಿನವರು ಹೇಳಿದ ಹಾಗೇ ಇವೆ, ಪಿಸ್ಟನ್ನಿಗೆ ಜಾಗ ಸಾಲಲಿಲ್ಲ.

ಶಿಡ್ಲಘಟ್ಟದಿಂದ:

ಒತ್ತುಗಾಳಿಗೆ ಅಡ್ಡಿಯಿಲ್ಲ. ಇಂಟರ್‌ಕೂಲರಿಗೆ ‘ನಡುತಣಿಪು’ ಯಾರೂ ಯೋಚಿಸಲಿಲ್ಲವೇ?

ತುಮಕೂರಿನಿಂದ:

ಅದಕ್ಕೆ ಬೇರೆ ಪತ್ರ ಹಾಕಿ. ಈ ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು.