ಪ್ರೆಸ್ ಮುಂದೆ ನಿಂತವರ ಕೈ ನಡುಗಿದರೆ ಸೂಪರ್‌ವೈಸರ್ ಏನು ಮಾಡಬೇಕು?

ಪೀಣ್ಯದ ಸೂಪರ್‌ವೈಸರ್:
ನಮ್ಮದು ಪೀಣ್ಯದ ಸಣ್ಣ ಪ್ರೆಸ್ ಶಾಪ್, ಯಂತ್ರದಲ್ಲಿ ಲೋಹದ ಶೀಟ್ ಒತ್ತುವ ಕೆಲಸ. ನನ್ನ ಶಿಫ್ಟಿನಲ್ಲಿ 14 ಜನ. ಅವರಲ್ಲೊಬ್ಬರು ಹಿರಿಯ ಆಪರೇಟರ್. ಡೈ, ಅಂದರೆ ಶೀಟಿಗೆ ಆಕಾರ ಕೊಡುವ ಅಚ್ಚು, ಕೂರಿಸುವುದನ್ನು ನನಗೆ ಕಲಿಸಿದವರೇ ಅವರು. ಮೂರು ತಿಂಗಳಿಂದ ಬೆಳಗಿನ ಆರರ ಶಿಫ್ಟಿಗೆ ಬರುವಾಗಲೇ ಮದ್ಯದ ವಾಸನೆ. ಎರಡು ಸಲ ‘ಜ್ವರ’ ಎಂದು ಬರೆದು ಮನೆಗೆ ಕಳುಹಿಸಿದೆ. ಮೊನ್ನೆ ಸೋಮವಾರ ವಾಸನೆ ಇರಲಿಲ್ಲ, ಆದರೆ ಶೀಟ್ ಇಡುವ ಕೈ ನಡುಗುತ್ತಿತ್ತು. ಯಂತ್ರ ನಿಲ್ಲಿಸಿದೆ. ಮೆಮೊ ಕೊಟ್ಟರೆ ಅವರ ಕೆಲಸ ಹೋಗುತ್ತದೆಂಬ ಭಯ. ಮಗಳು ಪಿಯುಸಿ ಓದುತ್ತಿದ್ದಾಳೆ. ಸುಮ್ಮನಿದ್ದರೆ ಒಂದು ದಿನ ಅವರ ಬೆರಳುಗಳೇ ಡೈ ಕೆಳಗೆ ಸಿಗುತ್ತವೆ. ಅಣ್ಣ ಎಂದು ಕರೆಯುವವರಿಗೆ ಇದನ್ನು ಹೇಗೆ ಹೇಳಲಿ?

ನಿವೃತ್ತ ಫೋರ್‌ಮನ್, ಹುಬ್ಬಳ್ಳಿ:
ಮೊದಲು ಆ ‘ಜ್ವರ’ ನಿಲ್ಲಿಸಿ. ನಾನೂ ಒಬ್ಬ ಹುಡುಗನಿಗೆ ಒಂದು ವರ್ಷ ಹಾಗೆಯೇ ಬರೆದೆ. ಅದು ಅವನಿಗೆ ಇನ್ನೊಂದು ವರ್ಷ ಕುಡಿಯಲು ಅನುಕೂಲವಾಯಿತು, ಅಷ್ಟೇ. ಕುಡಿದು ಕೆಲಸಕ್ಕೆ ಬರುವುದು ಸ್ಟ್ಯಾಂಡಿಂಗ್ ಆರ್ಡರ್ಸ್ (ಕಾರ್ಖಾನೆಯ ಕೆಲಸದ ನಿಯಮಗಳು) ಪ್ರಕಾರ ದುರ್ನಡತೆ, ನಿಜ. ಆದರೆ ಅದಕ್ಕೆ ವಜಾ ಒಂದೇ ದಾರಿಯಲ್ಲ, ಲಿಖಿತ ಎಚ್ಚರಿಕೆಯೂ ಇದೆ. ದಿನಾಂಕ, ಗಂಟೆ, ಕಣ್ಣಿಗೆ ಕಂಡದ್ದು ಮಾತ್ರ ಬರೆಯಿರಿ: ‘ಕೈ ನಡುಗುತ್ತಿತ್ತು, ಯಂತ್ರ ನಿಲ್ಲಿಸಿದೆ.’ ‘ಕುಡುಕ’ ಎಂಬ ಪದ ಕಾಗದದ ಮೇಲೆ ಬರಬಾರದು. ಇವತ್ತೇ ಪ್ರೆಸ್ಸಿನಿಂದ ಪ್ಯಾಕಿಂಗಿಗೆ ಹಾಕಿ. ಮಾತನಾಡುವುದಾದರೆ ಅಮಲಿಲ್ಲದ ಹೊತ್ತಿನಲ್ಲಿ, ಒಬ್ಬರೇ ಇದ್ದಾಗ.

ಶುಶ್ರೂಷಕಿ, ತುಮಕೂರು:
ಕುಡಿಯದ ದಿನ ಕೈ ನಡುಗಿತು ಎಂದಿರಲ್ಲ, ನನಗೆ ಭಯವಾದದ್ದು ಅದಕ್ಕೆ. ದೇಹ ಮದ್ಯಕ್ಕೆ ಒಗ್ಗಿಹೋಗಿರಬಹುದು. ದಯವಿಟ್ಟು ‘ನಾಳೆಯಿಂದ ಮುಟ್ಟುವುದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡಿಸಬೇಡಿ. ಅಂಥವರು ಏಕಾಏಕಿ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಪ್ರಾಣಕ್ಕೇ ಅಪಾಯ. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಮೊದಲು ಫೋನಿನಲ್ಲಿ ಕೇಳುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ.

ಪೀಣ್ಯದ ಸೂಪರ್‌ವೈಸರ್:
ನಿನ್ನೆ ಶಿಫ್ಟ್ ಮುಗಿದ ಮೇಲೆ ಕ್ಯಾಂಟೀನಿನ ಹಿಂದೆ ಕುಳಿತು ಹೇಳಿದೆ: “ಅಣ್ಣಾ, ಇನ್ನು ಮುಂದೆ ಜ್ವರ ಎಂದು ಬರೆಯುವುದಿಲ್ಲ.” ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು. “ಪ್ರೆಸ್ಸನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತೀಯಾ?” ಎಂದಷ್ಟೇ ಕೇಳಿದರು. ವಾಸಿಯಾಗಿ ಬನ್ನಿ, ಅದು ನಿಮ್ಮದೇ ಎಂದೆ. ಮಾಲೀಕರನ್ನು ಇದಕ್ಕೆ ಒಪ್ಪಿಸುವುದು ಇನ್ನೂ ಬಾಕಿ ಇದೆ. ಗುರುವಾರ ಅತ್ತಿಗೆಯೂ ಸೇರಿ ಮೂವರೂ ನಿಮ್ಹಾನ್ಸ್‌ಗೆ ಹೋಗುತ್ತಿದ್ದೇವೆ.